ಹಳೆಯ ಪ್ರೇಮಗೀತೆಗೆ ಬೇಕಾದ ಎರಡು ಅನುಮತಿ

ಮೂರು ದಶಕಗಳ ಹಿಂದಿನ ಮಾತು. 1993ರ ಜನವರಿಯಲ್ಲಿ ಸಾರ್ವಜನಿಕ ಹಣಕಾಸು ಕುರಿತ ಆರು ವಾರಗಳ ತರಬೇತಿಗಾಗಿ ನಾನು ವಾಷಿಂಗ್ಟನ್‌ಗೆ ಹೋಗಿದ್ದೆ. ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುವಾಗ ನನಗಿಂತ ಐದಾರು ವರ್ಷ ಮುಂದಿದ್ದ ಹಿರಿಯ ಸ್ನೇಹಿತರೊಬ್ಬರು ಆ ಹೊತ್ತಿಗಾಗಲೇ ಅಲ್ಲಿ ನೆಲೆಸಿದ್ದರು. ಒಂದು ಶನಿವಾರ ರಾತ್ರಿ ಅವರ ಮನೆಯಲ್ಲಿ, ಊರಿನಿಂದ ತರಿಸಿದ್ದ ಶೇಂಗಾ ಚಟ್ನಿಪುಡಿಯ ಊಟವಾದ ಬಳಿಕ, ಅವರು ಒಂದು ಸಿ.ಡಿ. ಹಾಕಿದರು. ಹೆಂಗಸಿನ ದನಿ, ಹಿಂದೆ ಪಿಯಾನೊ ಮತ್ತು ಪಿಟೀಲುಗಳ ಮೆಲ್ಲನೆಯ ಹಿನ್ನೆಲೆ. ಒಂದು ಸಾಲು ಹಾಡಿ ಆ ದನಿ ನಿಂತಿತು. ಕಾದೆ. ಮುಂದಿನ ಸಾಲು ಬರುವ ಲಕ್ಷಣವೇ ಕಾಣಲಿಲ್ಲ. ಹಾಡು ಮುಗಿಯಿತೆಂದು ಭಾವಿಸಿ ಏನೋ ಹೇಳಲು ಬಾಯಿ ತೆರೆದೆ. ‘ತಡೀಪಾ ತಮ್ಮಾ, ಇನ್ನೂ ಅರ್ಧಾ ಹಾಡೂ ಆಗಿಲ್ಲ’ ಎಂದು ಅವರು ಕೈಯೆತ್ತಿ ತಡೆದರು.

ಹಾಡುತ್ತಿದ್ದವರು ಶರ್ಲಿ ಹಾರ್ನ್. ಹಿಂದಿನ ವರ್ಷವಷ್ಟೇ ಹೊರಬಂದಿದ್ದ ‘ಹಿಯರ್ಸ್ ಟು ಲೈಫ್’ ಎಂಬ ಆ ಸಂಕಲನಕ್ಕೆ ವಾದ್ಯಸಂಯೋಜನೆ ಮಾಡಿದ್ದವರು ಜಾನಿ ಮ್ಯಾಂಡೆಲ್. ಅದುವರೆಗೆ ಜಾಝ್ ಎಂದರೆ ಗದ್ದಲದ ಸಂಗೀತವೆಂಬ ತಪ್ಪು ಕಲ್ಪನೆ ನನ್ನಲ್ಲಿತ್ತು. ಧಾರವಾಡದಲ್ಲಿ ಓದಿದವನಾದ್ದರಿಂದ ವಿಳಂಬಿತ ಖಯಾಲಿನ ನಿಧಾನ ನನಗೆ ಹೊಸದಾಗಿರಲಿಲ್ಲ. ಆದರೆ ಸಿನಿಮಾ, ನಾಟಕಗಳಿಗೆಂದು ಬರೆದ ಮೂರು ನಿಮಿಷದ ಪ್ರೇಮಗೀತೆಯನ್ನೂ ಹಾಗೆ ಹಾಡಬಹುದು, ಹಾಡಿದರೆ ಅದರೊಳಗಿಂದ ಬೇರೆಯೇ ಒಂದು ಅರ್ಥ ಎದ್ದು ಬರುತ್ತದೆ ಎಂಬುದು ನನಗೆ ತಿಳಿದದ್ದು ಅಂದು.

ಆ ಸಂಜೆ ನೆನಪಾಗಲು ಕಾರಣವಿದೆ. ಹಳೆಯ ಭಾವಗೀತೆಯನ್ನು ಯುವ ಗಾಯಕ ಗಾಯಕಿಯರು ಹೊಸ ರೀತಿಯಲ್ಲಿ ಹಾಡಿದಾಗಲೆಲ್ಲ ನಮ್ಮಲ್ಲಿ ಎರಡು ಬಗೆಯ ಆಕ್ಷೇಪ ಏಳುತ್ತದೆ. ಕವಿಗೆ ಅಪಚಾರವಾಯಿತು ಎನ್ನುವುದು ಒಂದು. ಹಳೆಯ ಧಾಟಿಯೇ ಇರುವಾಗ ಹೊಸದೇಕೆ ಎನ್ನುವುದು ಇನ್ನೊಂದು. ಈ ಆಕ್ಷೇಪಗಳನ್ನು ರುಚಿಭೇದವೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ನಮ್ಮ ದೇಶದಲ್ಲಿ ಇವು ಕಾನೂನಿನೊಳಗೂ ಕಡತದೊಳಗೂ ಸೇರಿಕೊಂಡಿವೆ. ಮೂವತ್ತೈದು ವರ್ಷ ಕಡತಗಳ ನಡುವೆ ಕಳೆದವನಾಗಿ ಆ ಕುರಿತು ನಾಲ್ಕು ಮಾತು ಹೇಳುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. ಅದಕ್ಕೆ ಹಾರ್ನ್ ಅವರ ಬದುಕು ಒಳ್ಳೆಯ ದೃಷ್ಟಾಂತ.

ಅವರು ಹುಟ್ಟಿದ್ದು 1934ರ ಮೇ 1ರಂದು, ವಾಷಿಂಗ್ಟನ್‌ನಲ್ಲಿ. ನಾಲ್ಕನೆಯ ವಯಸ್ಸಿಗೇ ಪಿಯಾನೊ ಕಲಿಯತೊಡಗಿ, ಮುಂದೆ ಅದೇ ಊರಿನ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಶಾಸ್ತ್ರೋಕ್ತವಾಗಿ ಸಂಗೀತಾಭ್ಯಾಸ ಮಾಡಿದರು. ಮೊದಲಿಗೆ ಅವರು ಗಾಯಕಿಯಲ್ಲ, ಪಿಯಾನೊ ವಾದಕಿ. ಹದಿನೇಳರ ವಯಸ್ಸಿನಲ್ಲಿ ರೆಸ್ಟೊರೆಂಟೊಂದರಲ್ಲಿ ನುಡಿಸುತ್ತಿದ್ದಾಗ, ಒಂದು ಹಳೆಯ ಹಾಡು ಹಾಡಿದರೆ ದೊಡ್ಡ ಗೊಂಬೆ ಕರಡಿಯನ್ನು ಕೊಡುವುದಾಗಿ ಗ್ರಾಹಕರೊಬ್ಬರು ಆಸೆ ತೋರಿಸಿದರಂತೆ. ಕರಡಿಯ ಆಸೆಗೆ ಅಂದು ಹಾಡಿದ್ದೇ ಆರಂಭ. 1954ರ ಹೊತ್ತಿಗೆ ತಮ್ಮದೇ ಮೂವರ ತಂಡ ಕಟ್ಟಿಕೊಂಡರು.

1960ರಲ್ಲಿ ‘ಎಂಬರ್ಸ್ ಅಂಡ್ ಆಶಸ್’ ಎಂಬ ಮೊದಲ ಧ್ವನಿಮುದ್ರಿಕೆ ಸಣ್ಣ ಕಂಪನಿಯೊಂದರಿಂದ ಬಂತು. ಅದನ್ನು ಕೇಳಿದ ಮೈಲ್ಸ್ ಡೇವಿಸ್, ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ ತಮ್ಮ ಕಛೇರಿಯ ಜೊತೆಗೆ ಈಕೆಯೂ ಹಾಡಬೇಕೆಂದು ಹಟ ಹಿಡಿದು ಕರೆಸಿಕೊಂಡರು. ಡೇವಿಸ್ ಆಗ ಕೀರ್ತಿಯ ಶಿಖರದಲ್ಲಿದ್ದ ಟ್ರಂಪೆಟ್ ವಾದಕ. ಅವರ ಮಾತಿಗೆ ಬೆಲೆಯಿತ್ತು. ದೊಡ್ಡ ಕಂಪನಿಗಳ ಬಾಗಿಲು ತೆರೆಯಿತು. 1963ರಲ್ಲಿ ಮರ್ಕ್ಯುರಿ ಕಂಪನಿಗಾಗಿ ಎರಡು ಸಂಕಲನಗಳನ್ನು ಮುದ್ರಿಸಿದರು. ಆದರೆ ಅವುಗಳಲ್ಲಿ ಪಿಯಾನೊ ಬೇರೆಯವರದು. ದೊಡ್ಡ ವಾದ್ಯವೃಂದದ ಮುಂದೆ ನಿಂತು ಬರಿಯ ಹಾಡಬೇಕಾಯಿತು. ಅದು ಅವರಿಗೆ ಒಗ್ಗಲಿಲ್ಲ.

ಯಾಕೆ ಒಗ್ಗಲಿಲ್ಲ ಎಂಬುದನ್ನು ಅರಿತರೆ ಅವರ ಕಲೆ ಅರ್ಥವಾಗುತ್ತದೆ. ಹಾರ್ನ್ ಹಾಡುತ್ತಿದ್ದ ಗತಿ ಜಾಝ್ ಲೋಕದಲ್ಲೇ ಅತಿ ನಿಧಾನದ್ದು. ಒಂದು ಪದಕ್ಕೂ ಮುಂದಿನ ಪದಕ್ಕೂ ನಡುವೆ ಅವರು ಬಿಡುತ್ತಿದ್ದ ಅಂತರ ಎಷ್ಟೆಂದು ಬೇರೆ ವಾದಕರು ಊಹಿಸುವುದು ಕಷ್ಟ. ಆದ್ದರಿಂದ ತಮಗೆ ತಾವೇ ಪಕ್ಕವಾದ್ಯ ನುಡಿಸಿಕೊಳ್ಳುತ್ತಿದ್ದರು. ಕೊರಳು ತಡೆದು ನಿಂತಲ್ಲಿ ಬೆರಳು ಒಂದು ಸ್ವರಗುಚ್ಛವನ್ನು ಮೆಲ್ಲನೆ ಇಡುತ್ತಿತ್ತು. ಬೆರಳು ಸುಮ್ಮನಾದಲ್ಲಿ ಕೊರಳು ಮುಂದುವರಿಯುತ್ತಿತ್ತು. ಬಾಸ್ ನುಡಿಸುತ್ತಿದ್ದ ಚಾರ್ಲ್ಸ್ ಏಬಲ್ಸ್ ಮತ್ತು ಡ್ರಮ್ಸ್ ನುಡಿಸುತ್ತಿದ್ದ ಸ್ಟೀವ್ ವಿಲಿಯಮ್ಸ್ ದಶಕಗಳ ಕಾಲ ಜೊತೆಗಿದ್ದರು. ಅಷ್ಟು ನಿಧಾನದಲ್ಲಿ ತಾಳ ತಪ್ಪದಂತೆ ಕಾಯಲು ಅಷ್ಟು ವರ್ಷಗಳ ಒಡನಾಟವೇ ಬೇಕು.

ಅವರು ಹಾಡಿದ ಹಾಡುಗಳು ಬಹುತೇಕ ಅವರವಲ್ಲ. ಕಳೆದ ಶತಮಾನದ ಇಪ್ಪತ್ತರ ದಶಕದಿಂದ ಐವತ್ತರ ದಶಕದವರೆಗೆ ಬ್ರಾಡ್‌ವೇ ನಾಟಕಗಳಿಗೂ ಹಾಲಿವುಡ್ ಚಿತ್ರಗಳಿಗೂ ಬರೆಯಲಾದ ಪ್ರೇಮಗೀತೆಗಳ ದೊಡ್ಡ ಭಂಡಾರವೊಂದಿದೆ. ಅಮೆರಿಕದ ಜಾಝ್ ಗಾಯಕರು ತಲೆಮಾರುಗಳಿಂದ ಅದರಿಂದಲೇ ಹಾಡುಗಳನ್ನು ಆರಿಸಿಕೊಳ್ಳುತ್ತಾರೆ. ‘ಐ ಫಾಲ್ ಇನ್ ಲವ್ ಟೂ ಈಸಿಲಿ’ ಎಂಬುದು ಅಂಥದೊಂದು ಹಾಡು. 1945ರ ‘ಆಂಕರ್ಸ್ ಅವೇ’ ಚಿತ್ರಕ್ಕಾಗಿ ಜೂಲ್ ಸ್ಟೈನ್ ಮತ್ತು ಸ್ಯಾಮಿ ಕಾನ್ ರಚಿಸಿದ್ದು. ಚಿತ್ರದಲ್ಲಿ ಹಾಡಿದವರು ಫ್ರಾಂಕ್ ಸಿನಾತ್ರಾ. ಬಹಳ ಪುಟ್ಟ ಹಾಡು. ಸಿನಾತ್ರಾ ದನಿಯಲ್ಲಿ ಅದು ಬೇಗ ಮನಸೋಲುವ ಯುವಕನೊಬ್ಬನ ನಿವೇದನೆ. 1963ರಲ್ಲಿ ಮೈಲ್ಸ್ ಡೇವಿಸ್ ಪದಗಳೇ ಇಲ್ಲದೆ ಟ್ರಂಪೆಟ್‌ನಲ್ಲಿ ಅದನ್ನು ನುಡಿಸಿದಾಗ ಒಂಟಿತನ ಕಾಣಿಸಿತು. ಡೇವಿಸ್ ಸ್ಮರಣೆಗೆಂದು 1998ರಲ್ಲಿ ಹೊರತಂದ ಸಂಕಲನದಲ್ಲಿ ಹಾರ್ನ್ ಅದೇ ಹಾಡನ್ನು ಹಾಡಿದ್ದಾರೆ. ಆಗ ಅವರಿಗೆ ಅರವತ್ತನಾಲ್ಕರ ಆಸುಪಾಸು. ಮೋಸಹೋದೆನೆಂಬ ದೂರು ಅದರಲ್ಲಿಲ್ಲ, ಹುಡುಗಾಟವೂ ಇಲ್ಲ. ತನ್ನ ಸ್ವಭಾವವನ್ನು ಬಲ್ಲ ಹಿರಿಯ ಹೆಣ್ಣೊಬ್ಬಳು ತನಗೆ ತಾನೇ ಹೇಳಿಕೊಳ್ಳುವ ಮಾತಿನಂತಿದೆ ಅದು.

ಪದ ಅವವೇ, ರಾಗದ ಎಲುಬುಗೂಡೂ ಅದೇ. ಬದಲಾದದ್ದು ಗತಿ, ಒತ್ತು ಮತ್ತು ಮೌನದ ಅಳತೆ. ಅಷ್ಟರಿಂದಲೇ ಒಂದು ಹಾಡು ಮೂರು ವಯಸ್ಸುಗಳ ಮೂರು ಹಾಡುಗಳಾಯಿತು. ಮೊದಲಿನದು ಇದರಿಂದ ಸವೆಯಲಿಲ್ಲ. ಹಾರ್ನ್ ದನಿಯಲ್ಲಿ ಕೇಳಿದ ಮೇಲೆ ನಾನು ಹುಡುಕಿಕೊಂಡು ಹೋಗಿ ಸಿನಾತ್ರಾ ಹಾಡಿದ್ದನ್ನು ಕೇಳಿದೆ. ನನ್ನಂತೆ ಹಿಮ್ಮುಖವಾಗಿ ಮೂಲಕ್ಕೆ ಹೋದವರು ಸಾವಿರಾರು ಜನರಿರಬೇಕು. ಹೊಸ ನಿರೂಪಣೆ ಹಳೆಯದಕ್ಕೆ ಪ್ರತಿಸ್ಪರ್ಧಿಯಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ನನಗೆ ಬೇಕಿಲ್ಲ.

ಇನ್ನೊಂದು ಸಂಗತಿ. ಮಗಳನ್ನು ಬೆಳೆಸಬೇಕೆಂಬ ಕಾರಣಕ್ಕೆ ಹಾರ್ನ್ ಅರವತ್ತರ ದಶಕದ ನಡುವಿನಿಂದ ಹೊರ ಊರುಗಳ ಸಂಚಾರವನ್ನು ಬಹುತೇಕ ನಿಲ್ಲಿಸಿ ವಾಷಿಂಗ್ಟನ್‌ನಲ್ಲೇ ಉಳಿದರು. ಸುಮಾರು ಎರಡು ದಶಕ ಅವರು ಹೊರಜಗತ್ತಿಗೆ ಹೆಚ್ಚುಕಡಿಮೆ ಅಪರಿಚಿತರು. ಆದರೆ ಹಾಡುವುದನ್ನು ನಿಲ್ಲಿಸಲಿಲ್ಲ. ಊರಿನ ಸಣ್ಣ ಸಣ್ಣ ಕ್ಲಬ್ಬುಗಳಲ್ಲಿ, ಊಟದ ಮನೆಗಳಲ್ಲಿ ಹಾಡುತ್ತಲೇ ಇದ್ದರು. 1987ರಲ್ಲಿ ವರ್ವ್ ಕಂಪನಿ ಅವರನ್ನು ಮತ್ತೆ ದೊಡ್ಡ ವೇದಿಕೆಗೆ ತಂದಾಗ ಅವರಿಗೆ ಐವತ್ತಮೂರು. 1991ರಲ್ಲಿ ಬಂದ ‘ಯು ವೋಂಟ್ ಫರ್ಗೆಟ್ ಮಿ’ ಸಂಕಲನದಲ್ಲಿ ಮೈಲ್ಸ್ ಡೇವಿಸ್ ಅತಿಥಿಯಾಗಿ ಟ್ರಂಪೆಟ್ ನುಡಿಸಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಡೇವಿಸ್ ತೀರಿಕೊಂಡರು. 1996ರಲ್ಲಿ ಬಂದ ‘ದಿ ಮೇನ್ ಇನ್‌ಗ್ರೀಡಿಯೆಂಟ್’ ಸಂಕಲನವನ್ನು ಹಾರ್ನ್ ತಮ್ಮ ಮನೆಯಲ್ಲೇ, ಬಂದ ವಾದಕರಿಗೆ ತಾವೇ ಅಡುಗೆ ಮಾಡಿ ಬಡಿಸುತ್ತಾ ಮುದ್ರಿಸಿದರು. ಡೇವಿಸ್ ಸ್ಮರಣೆಯ ಸಂಕಲನಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು. ಮಧುಮೇಹದಿಂದ ಒಂದು ಪಾದವನ್ನು ಕಳೆದುಕೊಂಡ ಮೇಲೂ ವೇದಿಕೆ ಏರಿದರು. 2005ರಲ್ಲಿ ಅಮೆರಿಕದ ಜಾಝ್ ಕಲಾವಿದರಿಗೆ ಸಲ್ಲುವ ಅತ್ಯುನ್ನತ ರಾಷ್ಟ್ರೀಯ ಗೌರವ ಪಡೆದು, ಅದೇ ವರ್ಷದ ಅಕ್ಟೋಬರ್ 20ರಂದು ನಿಧನರಾದರು.

ಮನೆಯನ್ನೂ ಊರನ್ನೂ ಬಿಡಲೊಲ್ಲದ ಗಾಯಕಿಯೊಬ್ಬರು ಪರರ ಹಳೆಯ ಹಾಡುಗಳನ್ನು ತಮ್ಮ ರೀತಿಯಲ್ಲಿ ಹಾಡಿ ಬಾಳಲು ಸಾಧ್ಯವಾದದ್ದು ಹೇಗೆ? ಪ್ರತಿಭೆ ಎಂದರೆ ಉತ್ತರ ಪೂರ್ಣವಾಗುವುದಿಲ್ಲ. ಪ್ರತಿಭೆ ನಮ್ಮಲ್ಲೂ ಇದೆ. ಅವರಿಗೆ ಎರಡು ಅನುಮತಿಗಳಿದ್ದವು: ಹಾಡನ್ನು ತಮ್ಮ ರೀತಿಗೆ ಒಗ್ಗಿಸಿಕೊಳ್ಳಲು ಕಾನೂನಿನ ಅನುಮತಿ, ವಾರಕ್ಕೆ ಕೆಲವು ರಾತ್ರಿ ಐವತ್ತು ಜನರೆದುರು ಹಾಡಲು ಊರಿನ ಅನುಮತಿ.

ಮೊದಲನೆಯದನ್ನು ನೋಡೋಣ. ಅಮೆರಿಕದ 1909ರ ಕೃತಿಸ್ವಾಮ್ಯ ಕಾಯ್ದೆ, ಒಮ್ಮೆ ಮಾಲೀಕರ ಒಪ್ಪಿಗೆಯಿಂದ ಮುದ್ರಣಗೊಂಡ ಹಾಡನ್ನು ನಿಗದಿತ ರಾಯಲ್ಟಿ ಕೊಟ್ಟು ಯಾರು ಬೇಕಾದರೂ ಮತ್ತೆ ಮುದ್ರಿಸಬಹುದೆಂದು ವಿಧಿಸಿತು. ಪ್ರತಿಯೊಂದಕ್ಕೆ ಎರಡು ಸೆಂಟ್ ಎಂಬ ದರ 1978ರವರೆಗೂ ಬದಲಾಗಲಿಲ್ಲ. ಅದು ರಚನಕಾರರಿಗೆ ಅನ್ಯಾಯವೆಂದು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಒಪ್ಪುತ್ತೇನೆ. ಹಣದುಬ್ಬರ ಅದನ್ನು ತಿಂದುಹಾಕಿತು. ಆದರೆ ತತ್ತ್ವ ಸರಿಯಾಗಿತ್ತು. 1976ರ ಕಾಯ್ದೆ ಈ ತತ್ತ್ವವನ್ನು ಇನ್ನೂ ಸ್ಪಷ್ಟಪಡಿಸಿ, ಹಾಡುವವರ ಶೈಲಿಗೆ ಹೊಂದುವಂತೆ ಸಂಗೀತವನ್ನು ಅಳವಡಿಸಿಕೊಳ್ಳುವ ಹಕ್ಕೂ ಈ ಪರವಾನಗಿಯಲ್ಲೇ ಇದೆ, ಮೂಲ ಧಾಟಿಯನ್ನೂ ಕೃತಿಯ ಮೂಲ ಸ್ವರೂಪವನ್ನೂ ಮಾತ್ರ ಕೆಡಿಸಬಾರದು ಎಂದು ಹೇಳಿತು. ಹಾರ್ನ್ ಮಾಡಿದ್ದೂ ಇದನ್ನೇ.

ನಮ್ಮಲ್ಲಿ ಹೇಗಿದೆ? 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯಿಂದ 31ಸಿ ಎಂಬ ಸೆಕ್ಷನ್ ಸೇರಿತು. ಹಾಡು ಮೊದಲು ಮುದ್ರಣಗೊಂಡ ವರ್ಷ ಮುಗಿದು ಐದು ವರ್ಷ ಕಳೆದ ಮೇಲೆ, ಮುಂಗಡ ರಾಯಲ್ಟಿ ಕೊಟ್ಟು ಅದನ್ನು ಬೇರೆಯವರು ಹಾಡಿ ಮುದ್ರಿಸಬಹುದು. ಹಿಂದಿನ ನಿಯಮದಲ್ಲಿ ಈ ಅವಧಿ ಎರಡು ವರ್ಷವಿತ್ತು. ಹಾಡನ್ನು ಮುದ್ರಣಕ್ಕೆ ಅಳವಡಿಸಲು ‘ಸಮಂಜಸವಾಗಿ ಅಗತ್ಯವಾದ’ ಬದಲಾವಣೆಗೆ ಹಿಂದೆ ಅವಕಾಶವಿತ್ತು. ಈಗಿನ ಸೆಕ್ಷನ್ ‘ತಾಂತ್ರಿಕವಾಗಿ ಅಗತ್ಯವಾದ’ ಬದಲಾವಣೆಗೆ ಮಾತ್ರ ಅವಕಾಶ ಕೊಡುತ್ತದೆ. ಒಂದು ವಿಶೇಷಣದ ವ್ಯತ್ಯಾಸ. ಕಾಯ್ದೆ ಓದಿ ಅಭ್ಯಾಸವಿರುವವರಿಗೆ ಒಂದು ಪದದಿಂದ ಎಷ್ಟು ಬಾಗಿಲು ಮುಚ್ಚಬಹುದೆಂಬುದು ಗೊತ್ತು. ಗಾಯಕಿಯ ವಯಸ್ಸು, ಅನುಭವ, ಆಕೆ ಕಂಡ ಅರ್ಥ ಇವು ಯಾವುವೂ ತಾಂತ್ರಿಕ ಅಗತ್ಯಗಳಲ್ಲ.

ಇದರ ಜೊತೆಗೆ, ಮುದ್ರಣ ನಡೆಯುವ ಪ್ರತಿ ವರ್ಷವೂ ಹಾಡೊಂದಕ್ಕೆ ಕನಿಷ್ಠ 50 ಸಾವಿರ ಪ್ರತಿಗಳ ರಾಯಲ್ಟಿಯನ್ನು ಕಟ್ಟಬೇಕು. ಐನೂರು ಜನ ಕೇಳುವ ಕನ್ನಡ ಗಾಯಕಿಗೆ ಇದು ಭಾರಿ ಮೊತ್ತ. ಹಕ್ಕುದಾರರು ಮನಃಪೂರ್ವಕವಾಗಿ ಒಪ್ಪಿದರೆ ಈ ಯಾವ ತೊಡಕೂ ಇಲ್ಲ ನಿಜ. ಎಷ್ಟೋ ಕವಿಗಳ ಕುಟುಂಬದವರು ಉದಾರಿಗಳು. ಆದರೆ ಕಲೆಯ ಉಳಿವನ್ನು ಉತ್ತರಾಧಿಕಾರಿಗಳ ಔದಾರ್ಯಕ್ಕೆ ಬಿಡುವುದು ಜಾಣತನವಲ್ಲ. ಭಾರತದಲ್ಲಿ ಕೃತಿಸ್ವಾಮ್ಯ ಕವಿಯ ಮರಣಾನಂತರ 60 ವರ್ಷ ಇರುತ್ತದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳು 2041ರ ಕೊನೆಯವರೆಗೆ, 2003ರಲ್ಲಿ ತೀರಿಕೊಂಡ ಕೆ.ಎಸ್. ನರಸಿಂಹಸ್ವಾಮಿಯವರವು 2063ರ ಕೊನೆಯವರೆಗೆ ಈ ವ್ಯಾಪ್ತಿಯಲ್ಲಿರುತ್ತವೆ. ‘ಮೈಸೂರ ಮಲ್ಲಿಗೆ’ ಮೊದಲು ಪ್ರಕಟವಾದದ್ದು 1942ರಲ್ಲಿ. ನೂರಿಪ್ಪತ್ತು ವರ್ಷ ಒಂದು ಪ್ರೇಮಕಾವ್ಯ ಯಾರದೋ ಒಪ್ಪಿಗೆಗಾಗಿ ಕಾಯುತ್ತಾ ನಿಲ್ಲಬೇಕೇ?

ಕಾವಲು ಅತಿಯಾದರೆ ಏನಾಗುತ್ತದೆಂಬುದನ್ನು ಬಂಗಾಳ ಕಂಡಿದೆ. ರವೀಂದ್ರ ಸಂಗೀತದ ಶ್ರೇಷ್ಠ ಗಾಯಕರಲ್ಲೊಬ್ಬರಾದ ದೇವವ್ರತ ಬಿಸ್ವಾಸ್ ಅವರ ಹಾಡುಗಾರಿಕೆ ಮತ್ತು ವಾದ್ಯಬಳಕೆಯ ಬಗ್ಗೆ ವಿಶ್ವಭಾರತಿಯ ಸಂಗೀತ ಮಂಡಳಿ ತಕರಾರು ತೆಗೆಯಿತು. ಮನನೊಂದ ಅವರು ಎಪ್ಪತ್ತರ ದಶಕದ ಆರಂಭದಲ್ಲಿ ಠಾಕೂರರ ಹಾಡುಗಳನ್ನು ಮುದ್ರಿಸುವುದನ್ನೇ ನಿಲ್ಲಿಸಿದರು. 1980ರಲ್ಲಿ ತೀರಿಕೊಂಡರು. 2001ರ ಕೊನೆಯಲ್ಲಿ ಕೃತಿಸ್ವಾಮ್ಯ ಮುಗಿದ ಬಳಿಕ ಯಾರು ಹೇಗೆ ಬೇಕಾದರೂ ಆ ಹಾಡುಗಳನ್ನು ಹಾಡುತ್ತಿದ್ದಾರೆ. ಅದರಲ್ಲಿ ಕಳಪೆಯೂ ಇದೆ, ಉತ್ತಮವೂ ಇದೆ. ಠಾಕೂರರ ಕೀರ್ತಿಗೆ ಕುಂದೇನೂ ಬಂದಿಲ್ಲ. ಆದರೆ ಬಿಸ್ವಾಸ್ ಅವರು ಹಾಡದೇ ಉಳಿದ ಹಾಡುಗಳನ್ನು ಯಾರೂ ಮರಳಿ ತಂದುಕೊಡಲಾರರು.

ಕನ್ನಡದ ಭಾವಗೀತೆಯ ಚರಿತ್ರೆಯೂ ಸ್ವಾತಂತ್ರ್ಯದ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಮೂವರೂ ಕವಿತೆಗಳನ್ನು ತಮ್ಮ ತಮ್ಮ ಧಾಟಿಯಲ್ಲಿ ಹಾಡಿದರು. ಒಬ್ಬರು ಹಾಡಿದ್ದಾರೆಂದು ಇನ್ನೊಬ್ಬರು ಸುಮ್ಮನಿದ್ದಿದ್ದರೆ ನಮ್ಮ ಪಾಲಿಗೆ ಅಷ್ಟು ಕಡಿಮೆಯಾಗುತ್ತಿತ್ತು. ನಾಡಗೀತೆಗೆ ಅನಂತಸ್ವಾಮಿಯವರ ಧಾಟಿಯನ್ನೂ ಎರಡೂವರೆ ನಿಮಿಷದ ಕಾಲಮಿತಿಯನ್ನೂ ಸರ್ಕಾರ 2022ರಲ್ಲಿ ಗೊತ್ತುಪಡಿಸಿತು. ಸಾವಿರ ಮಕ್ಕಳು ಒಟ್ಟಿಗೆ ಹಾಡುವ ಗೀತೆಗೆ ಏಕರೂಪತೆ ಬೇಕೆಂಬ ವಾದವನ್ನು ಒಪ್ಪಬಹುದು. ಪ್ರೇಮಗೀತೆಯನ್ನು ಸಾವಿರ ಮಂದಿ ಒಟ್ಟಿಗೆ ಹಾಡುವುದಿಲ್ಲ. ಒಬ್ಬರು ಇನ್ನೊಬ್ಬರಿಗೆ ಹಾಡುತ್ತಾರೆ. ಅಲ್ಲಿ ಏಕರೂಪತೆಗೆ ಅರ್ಥವಿಲ್ಲ.

ಇನ್ನು ಎರಡನೆಯ ಅನುಮತಿ. ಇದರಲ್ಲಿ ಅಮೆರಿಕವೂ ನಿರ್ದೋಷಿಯಲ್ಲ. 1926ರ ಕ್ಯಾಬರೆ ಕಾಯ್ದೆಯ ಹೆಸರಿನಲ್ಲಿ ನ್ಯೂಯಾರ್ಕ್ ನಗರ ತನ್ನ ಸಂಗೀತಗಾರರನ್ನು ದಶಕಗಳ ಕಾಲ ಪೀಡಿಸಿತು. 1940ರಿಂದ 1967ರವರೆಗೆ ಮದ್ಯ ಮಾರುವ ಕ್ಲಬ್ಬುಗಳಲ್ಲಿ ಹಾಡಲು, ನುಡಿಸಲು ಪೊಲೀಸರು ಕೊಡುವ ಚೀಟಿ ಬೇಕಿತ್ತು. 1947ರಲ್ಲಿ ಶಿಕ್ಷೆಗೊಳಗಾದ ಬಿಲ್ಲಿ ಹಾಲಿಡೇ ಆ ಚೀಟಿಯನ್ನು ಕಳೆದುಕೊಂಡರು. 1948ರಲ್ಲಿ ಕಾರ್ನೆಗಿ ಹಾಲ್ ಎಂಬ ಮಹಾ ಸಭಾಂಗಣವನ್ನು ತುಂಬಿಸಿದ ಗಾಯಕಿಗೆ ಪಕ್ಕದ ಬೀದಿಯ ಕ್ಲಬ್ಬಿನಲ್ಲಿ ಹಾಡುವ ಅರ್ಹತೆ ಇರಲಿಲ್ಲ. ಪರವಾನಗಿಯಿಲ್ಲದ ಸಣ್ಣ ತಾಣಗಳಲ್ಲಿ ಮೂವರಿಗಿಂತ ಹೆಚ್ಚು ವಾದಕರಿರಕೂಡದು, ಊದುವ, ಬಡಿಯುವ ವಾದ್ಯಗಳಿರಕೂಡದು ಎಂಬ ವಿಚಿತ್ರ ನಿಯಮವನ್ನು 1980ರ ದಶಕದಲ್ಲಿ ನ್ಯಾಯಾಲಯ ತೆಗೆದುಹಾಕಬೇಕಾಯಿತು. ಮೂಲ ಕಾಯ್ದೆ ರದ್ದಾದದ್ದು 2017ರಲ್ಲಿ.

ಬೆಂಗಳೂರಿನಲ್ಲಿ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಮತ್ತು ನಿಯಂತ್ರಣದ ಆದೇಶ ಬಂದದ್ದು 2005ರಲ್ಲಿ, ಹಾರ್ನ್ ತೀರಿಕೊಂಡ ವರ್ಷವೇ. ಅದರ ಗುರಿ ನೃತ್ಯದ ಬಾರುಗಳು ಮತ್ತು ಅಲ್ಲಿ ನಡೆಯುತ್ತಿತ್ತೆನ್ನಲಾದ ಶೋಷಣೆ. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಆದೇಶವನ್ನು ಎತ್ತಿಹಿಡಿಯಿತು. ಆ ಬಳಿಕ ಪೊಲೀಸರು ಬಿಗಿ ಹಿಡಿದಾಗ ಗಿಟಾರ್ ಹಿಡಿದು ಹಾಡುವವರ ಸಣ್ಣ ತಾಣಗಳೂ ಅದೇ ಬಲೆಗೆ ಬಿದ್ದು ಹಲವೆಡೆ ಸಂಗೀತ ನಿಂತುಹೋಯಿತು. ಆದೇಶ ಬರೆದವರ ಉದ್ದೇಶವನ್ನು ನಾನು ಶಂಕಿಸುವುದಿಲ್ಲ. ಆದರೆ ಎರಡು ಬೇರೆ ಸಂಗತಿಗಳನ್ನು ಒಂದೇ ಅರ್ಜಿ ನಮೂನೆಯಲ್ಲಿ ತುಂಬಿದರೆ ಅಧಿಕಾರಿಗೆ ಅವೆರಡೂ ಒಂದೇ ಆಗಿ ಕಾಣುತ್ತವೆ.

ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. 2008ರ ಸುಮಾರಿಗೆ, ಜಿಲ್ಲಾ ಕೇಂದ್ರವೊಂದರಲ್ಲಿ ನಾನು ಕೆಲಸ ಮಾಡುತ್ತಿದ್ದಾಗ, ಒಂದು ಕಡತ ಅಭಿಪ್ರಾಯಕ್ಕಾಗಿ ನನ್ನ ಮೇಜಿಗೆ ಬಂತು. ಅರ್ಜಿದಾರರು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ತರುಣಿ. ತಂದೆಯ ಹೋಟೆಲಿನ ಮಾಳಿಗೆಯ ಮೇಲೆ ನಲವತ್ತು ಕುರ್ಚಿ ಹಾಕಿ ಶನಿವಾರ ಸಂಜೆ ಆರೂವರೆಯಿಂದ ಎಂಟೂವರೆಯವರೆಗೆ ಹಾಡಲು ಅನುಮತಿ ಕೋರಿದ್ದರು. ಹಳೆಯ ಕನ್ನಡ ಭಾವಗೀತೆಗಳನ್ನು ಕೀಬೋರ್ಡ್, ಗಿಟಾರ್ ಮತ್ತು ತಬಲಾದೊಂದಿಗೆ ತಮ್ಮದೇ ರೀತಿಯಲ್ಲಿ ಹಾಡುವುದಾಗಿ ಅರ್ಜಿಯಲ್ಲಿ ವಿವರಿಸಿದ್ದರು. ಅಷ್ಟು ವಿವರ ಬೇಕಿರಲಿಲ್ಲ, ಪ್ರಾಮಾಣಿಕತೆಯಿಂದ ಬರೆದಿದ್ದರು. ನಮೂನೆಯಲ್ಲಿ ಸಿನಿಮಾ, ನಾಟಕ, ಸರ್ಕಸ್, ಇತರೆ ಎಂಬ ಕಲಂಗಳಿದ್ದವು. ‘ಇತರೆ’ ಎಂಬಲ್ಲಿ ಅವರು ಗುರುತು ಹಾಕಿದ್ದರು. ವಾಹನ ನಿಲುಗಡೆಗೆ ಸ್ಥಳವಿಲ್ಲ, ಪ್ರಸ್ತಾವಿತ ಚಟುವಟಿಕೆಯ ಸ್ವರೂಪ ಸ್ಪಷ್ಟವಿಲ್ಲ, ಆದ್ದರಿಂದ ಅರ್ಜಿಯನ್ನು ತಿರಸ್ಕರಿಸಿ ಕಡತವನ್ನು ಮುಕ್ತಾಯಗೊಳಿಸಬಹುದು ಎಂದು ಟಿಪ್ಪಣಿ ಬರೆದು ಸಹಿ ಹಾಕಿದೆ.

ಆ ದಿನಗಳಲ್ಲಿ ನನ್ನ ಮನೆಯಲ್ಲಿ ಹಾರ್ನ್ ಅವರ ಐದಾರು ಸಿ.ಡಿ.ಗಳಿದ್ದವು. ರಾತ್ರಿ ಊಟದ ಬಳಿಕ ಕೇಳುವುದು ರೂಢಿಯಾಗಿತ್ತು. ಆ ವಾರವೂ ಕೇಳಿರಬೇಕು. ಕೇಳುತ್ತಿದ್ದ ಹಾಡಿಗೂ ಹಗಲು ಬರೆದ ಟಿಪ್ಪಣಿಗೂ ಸಂಬಂಧವಿದೆಯೆಂದು ನನಗೆ ಹೊಳೆಯಲೇ ಇಲ್ಲ. ಹೊಳೆದದ್ದು ವರ್ಷಗಳ ನಂತರ, ಆ ಊರಿಗೆ ಮದುವೆಯೊಂದಕ್ಕೆ ಹೋದಾಗ. ಹೋಟೆಲಿನ ಮಾಳಿಗೆ ಮೊಬೈಲ್ ಫೋನುಗಳ ಗೋದಾಮಾಗಿತ್ತು. ಆ ತರುಣಿ ಈಗ ಎಲ್ಲಿದ್ದಾರೆ, ಹಾಡುತ್ತಿದ್ದಾರೆಯೇ ಎಂದು ವಿಚಾರಿಸುವ ಧೈರ್ಯ ನನಗಾಗಲಿಲ್ಲ. ನಿಯಮದ ಪ್ರಕಾರ ನಾನು ಬರೆದದ್ದರಲ್ಲಿ ತಪ್ಪಿರಲಿಲ್ಲ. ಹಾಗೆ ಹೇಳಿಕೊಂಡು ಸಮಾಧಾನಪಡುವ ವಯಸ್ಸು ಈಗ ನನ್ನದಲ್ಲ.

ಅರ್ಥಶಾಸ್ತ್ರದಲ್ಲಿ ಇದಕ್ಕೆ ಸಂಬಂಧಿಸಿದ ಪ್ರಸಿದ್ಧ ವಿವೇಚನೆಯೊಂದಿದೆ. ವಿಲಿಯಂ ಬೌಮೋಲ್ ಮತ್ತು ವಿಲಿಯಂ ಬೋವೆನ್ 1966ರಲ್ಲಿ ತೋರಿಸಿಕೊಟ್ಟಂತೆ, ಕಾರ್ಖಾನೆಯಲ್ಲಿ ಯಂತ್ರದಿಂದ ಉತ್ಪಾದಕತೆ ಹೆಚ್ಚುತ್ತದೆ, ವೇದಿಕೆಯಲ್ಲಿ ಹೆಚ್ಚುವುದಿಲ್ಲ. ನಾಲ್ವರು ನುಡಿಸಬೇಕಾದ ಸಂಗೀತಕ್ಕೆ ಇನ್ನೂರು ವರ್ಷಗಳ ಹಿಂದೆ ಬೇಕಾಗಿದ್ದಷ್ಟೇ ಜನ, ಅಷ್ಟೇ ಹೊತ್ತು ಇಂದಿಗೂ ಬೇಕು. ಆದರೆ ಅವರ ಅಕ್ಕಿಯ ಬೆಲೆ, ಮನೆಬಾಡಿಗೆ ಮಾತ್ರ ಎಲ್ಲರಂತೆ ಏರುತ್ತದೆ. ಹಾರ್ನ್ ಅವರಂಥವರು ಮೂರು ನಿಮಿಷದ ಹಾಡಿಗೆ ಇನ್ನಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದರು! ಇಂಥ ಕಲೆ ಮಾರುಕಟ್ಟೆಯಲ್ಲಿ ಸದಾ ದುರ್ಬಲ. ಅದಕ್ಕೆ ಸರ್ಕಾರ ಸಹಾಯಧನ ಕೊಡಲೇಬೇಕೆಂದು ನಾನು ವಾದಿಸುವುದಿಲ್ಲ. ಸಹಾಯಧನದ ಪಟ್ಟಿಗಳು ಹೇಗೆ ತಯಾರಾಗುತ್ತವೆಂಬುದನ್ನು ನೋಡಿದ್ದೇನೆ. ಮೊದಲೇ ದುರ್ಬಲವಾದದ್ದರ ಮೇಲೆ ನಾವೇ ಭಾರ ಹೇರಬಾರದು ಎಂಬುದಷ್ಟೇ ನನ್ನ ವಾದ.

ಪ್ರತಿವಾದವನ್ನೂ ಕೇಳಬೇಕು. ಸ್ವಾತಂತ್ರ್ಯ ಕೊಟ್ಟರೆ ಹಳೆಯ ಹಾಡುಗಳನ್ನು ಅಸಭ್ಯವಾಗಿ ಮರುಬಳಸುತ್ತಾರೆ ಎಂಬ ಆತಂಕ ಆಧಾರರಹಿತವಲ್ಲ. 1972ರ ಹಿಂದಿ ಚಿತ್ರಗೀತೆಯೊಂದರ ರೀಮಿಕ್ಸ್ ಆಗಿ 2002ರಲ್ಲಿ ಬಂದ ‘ಕಾಂಟಾ ಲಗಾ’ದ ಗಲಾಟೆ ಹಲವರಿಗೆ ನೆನಪಿರಬಹುದು. ಆದರೆ ಕೃತಿಯನ್ನು ವಿರೂಪಗೊಳಿಸಿ ಗೌರವಕ್ಕೆ ಧಕ್ಕೆ ತಂದರೆ ತಡೆಯುವ ಹಕ್ಕು ರಚನಕಾರರಿಗೂ ವಾರಸುದಾರರಿಗೂ ಅದೇ ಕಾಯ್ದೆಯ 57ನೇ ಸೆಕ್ಷನ್ನಿನಲ್ಲಿದೆ. ಕಳ್ಳನನ್ನು ಹಿಡಿಯಲು ಒಂದು ಕಾನೂನಿರುವಾಗ ದಾರಿಹೋಕರನ್ನೆಲ್ಲ ತಡೆಯುವ ಇನ್ನೊಂದು ಏಕೆ? ಹಾಗೆಯೇ ನೆರೆಹೊರೆಯವರ ನಿದ್ದೆಯೂ ಮುಖ್ಯ. ಅದಕ್ಕೆ ಶಬ್ದದ ಮಿತಿಯನ್ನು ಡೆಸಿಬಲ್‌ನಲ್ಲಿ ಅಳೆಯುವ ನಿಯಮ ದೇಶದಲ್ಲಿ 2000ದಿಂದಲೂ ಇದೆ. ಅದನ್ನು ನಿಷ್ಠೆಯಿಂದ ಜಾರಿ ಮಾಡಿದರೆ ಸಾಕು. ಬೀದಿಗೆ ಧ್ವನಿವರ್ಧಕ ಕಟ್ಟುವವರಿಗೆ ರಿಯಾಯಿತಿ, ನಲವತ್ತು ಕುರ್ಚಿಯ ಕೋಣೆಗೆ ಕಟ್ಟುನಿಟ್ಟು ಎಂಬುದು ನ್ಯಾಯವಲ್ಲ.

ಹಾಗಾದರೆ ಆಗಬೇಕಾದದ್ದೇನು? ಒಂದು, ಹಾಡುವವರ ಶೈಲಿಗೆ ತಕ್ಕ ಅಳವಡಿಕೆಗೆ ಅವಕಾಶ ಸಿಗುವಂತೆ 31ಸಿ ಸೆಕ್ಷನ್ನಿನ ಆ ಒಂದು ಪದವನ್ನು ಬದಲಿಸಬೇಕು. ರಚನಕಾರರ ರಾಯಲ್ಟಿ ಒಂದು ಪೈಸೆಯೂ ಕಡಿಮೆಯಾಗಬೇಕಿಲ್ಲ. ಎರಡು, 50 ಸಾವಿರ ಪ್ರತಿಗಳ ಕನಿಷ್ಠ ಮಿತಿಯನ್ನು ನಿರ್ದಿಷ್ಟ ಭಾಷೆಯ ಪ್ರಸಾರ ಸಾಧ್ಯತೆ ನೋಡಿ ಇಳಿಸಬಹುದೆಂದು ಅದೇ ಸೆಕ್ಷನ್ ಹೇಳುತ್ತದೆ. ಕನ್ನಡದ ಪರವಾಗಿ ಆ ಅವಕಾಶವನ್ನು ಕೇಳಿ ಪಡೆಯುವುದು ರಾಜ್ಯ ಸರ್ಕಾರದ ಸಂಸ್ಕೃತಿ ಇಲಾಖೆಯ ಹೊಣೆಯಾಗಬೇಕು. ಮೂರು, ನೂರಕ್ಕಿಂತ ಕಡಿಮೆ ಜನ ಸೇರುವ, ರಾತ್ರಿ ಹತ್ತರೊಳಗೆ ಮುಗಿಯುವ ಸಂಗೀತಕ್ಕೆ ಪರವಾನಗಿಯ ಬದಲು ಬರಿಯ ಮಾಹಿತಿ ಪತ್ರ ಸಾಕೆಂದು ನಿಯಮ ಮಾಡಬೇಕು. ಈ ಮೂರಕ್ಕೂ ಸರ್ಕಾರದ ಬೊಕ್ಕಸದಿಂದ ಹಣ ಬೇಕಿಲ್ಲ.

ಕಡತಗಳನ್ನು ನೋಡುವ ಕಿರಿಯ ಅಧಿಕಾರಿಗಳಿಗೆ ಒಂದು ಮಾತು. ‘ಇತರೆ’ ಎಂಬ ಕಲಂ ಎದುರು ಗುರುತು ಹಾಕಿರುವ ಅರ್ಜಿ ಬಂದರೆ, ತಿರಸ್ಕರಿಸುವ ಮುನ್ನ ಅರ್ಜಿದಾರರನ್ನು ಒಮ್ಮೆ ಕರೆಸಿ ಮಾತನಾಡಿಸಿ. ಸಾಧ್ಯವಾದರೆ ಹೋಗಿ ಒಂದು ಹಾಡನ್ನು ಪೂರ್ತಿ ಕೇಳಿ. ವಾಷಿಂಗ್ಟನ್ನಿನ ಆ ರಾತ್ರಿ ನನ್ನ ಹಿರಿಯ ಸ್ನೇಹಿತರು ಕೈಯೆತ್ತಿ ತಡೆಯದಿದ್ದರೆ ಹಾಡು ಮುಗಿಯಿತೆಂದೇ ನಾನು ನಂಬಿಕೊಂಡು ಏಳುತ್ತಿದ್ದೆ. ಹದಿನೈದು ವರ್ಷಗಳ ಬಳಿಕ ನನ್ನ ಮೇಜಿನ ಬಳಿ ಹಾಗೆ ತಡೆಯುವವರು ಯಾರೂ ಇರಲಿಲ್ಲ.

(ಲೇಖಕರು ನಿವೃತ್ತ ಆಡಳಿತಾಧಿಕಾರಿ)